ಯೂಟ್ಯೂಬಿನಲ್ಲಿ ಕನ್ನಡದ ವಿಡಿಯೊ ಎಷ್ಟು? ದಯವಿಟ್ಟು ‘ಹತ್ತು ಲಕ್ಷ’ ಎನ್ನಬೇಡಿ

ಪ್ರಶ್ನೆ: ಯೂಟ್ಯೂಬ್ ಎಪಿಐನಲ್ಲಿ (ಪ್ರೋಗ್ರಾಂಗಳು ಯೂಟ್ಯೂಬಿನಿಂದ ಮಾಹಿತಿ ಕೇಳುವ ಕಿಂಡಿ) ‘ಕನ್ನಡ’ ಎಂದು ಹುಡುಕಿದಾಗ ‘ಟೋಟಲ್ ರಿಸಲ್ಟ್ಸ್’ ಜಾಗದಲ್ಲಿ 10,00,000 ಎಂದು ಬಂತು. ಯೂಟ್ಯೂಬಿನಲ್ಲಿ ಹತ್ತು ಲಕ್ಷ ಕನ್ನಡ ವಿಡಿಯೊಗಳಿವೆ ಎಂದು ಪ್ರಬಂಧದಲ್ಲಿ ಬರೆಯಬಹುದೇ? – ಪತ್ರಿಕೋದ್ಯಮ ವಿದ್ಯಾರ್ಥಿ, ಶಿವಮೊಗ್ಗ

ಬರೆಯಬೇಡಿ. ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುವುದರಿಂದ ಈ ಸಲದ ಜಾಗವೆಲ್ಲ ಬಹುತೇಕ ಇದಕ್ಕೇ.

ಆ ಅಂಕಿಯ ಗರಿಷ್ಠ ಮಿತಿಯೇ ಹತ್ತು ಲಕ್ಷ. ಎಪಿಐ ಕೈಪಿಡಿಯಲ್ಲಿ ಹಾಗೆಂದು ಬರೆದಿದೆ, ಅದು ಬರೀ ಅಂದಾಜು ಎಂದೂ ಬರೆದಿದೆ. ತಕ್ಕಡಿಯ ಮುಳ್ಳು ಕೊನೆ ಮುಟ್ಟಿ ನಿಂತದ್ದನ್ನು ನೀವು ತೂಕ ಎಂದುಕೊಂಡಿದ್ದೀರಿ. ಇನ್ನು ಬಂದ ಫಲಿತಾಂಶಗಳನ್ನೇ ಮಾದರಿ ಎಂದುಕೊಂಡು ಎಣಿಸುವುದು ಎರಡನೆಯ ತಪ್ಪು. ಹುಡುಕಾಟ ಮೇಲೆ ತರುವುದು ಜನ ನೋಡಿದ್ದನ್ನು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು, ನಿಜ. ಆದರೆ ಸೌಟು ತಳದವರೆಗೆ ಹೋಗಿರಬೇಕು. ಯೂಟ್ಯೂಬಿನ ತಳ ಎಂದರೆ ನಲವತ್ತು ಜನ ನೋಡಿದ ಮದುವೆ ವಿಡಿಯೊ, ಶಾಲಾ ವಾರ್ಷಿಕೋತ್ಸವ, ಯಾರದೋ ಟೆರೇಸಿನ ಮಳೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ತಂಡ 2023ರಲ್ಲಿ ಪ್ರಕಟಿಸಿದ ಯಾದೃಚ್ಛಿಕ (ಚೀಟಿ ಎತ್ತಿದಂತೆ ಆರಿಸಿದ) ಮಾದರಿಯಲ್ಲಿ, ವೀಕ್ಷಣೆಯ ಕ್ರಮದಲ್ಲಿ ಸಾಲಾಗಿ ಇಟ್ಟರೆ ನಡುವಿನ ವಿಡಿಯೊಗೆ ಬಿದ್ದ ವೀಕ್ಷಣೆ ಸುಮಾರು ಅಷ್ಟೇ.

ಹಾಗಾದರೆ ತಳ ಮುಟ್ಟುವುದು ಹೇಗೆ? ವಿಡಿಯೊ ಐಡಿಯಿಂದ, ಅಂದರೆ ಪ್ರತಿ ವಿಡಿಯೊದ ಕೊಂಡಿಯಲ್ಲಿರುವ ಗುರುತಿನಿಂದ. ಅದು 11 ಅಕ್ಷರ. ಪ್ರತಿ ಜಾಗಕ್ಕೂ 64 ಆಯ್ಕೆ (ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಎರಡು ಚಿಹ್ನೆ), ಕೊನೆಯದಕ್ಕೆ ಮಾತ್ರ 16, ಏಕೆಂದರೆ ಒಳಗಿರುವುದು 64 ಬಿಟ್‌ಗಳ ಸಂಖ್ಯೆ. ಒಟ್ಟು ಸಾಧ್ಯತೆ ಸುಮಾರು 1.84 ಲಕ್ಷ ಕೋಟಿ ಕೋಟಿ. ಊಹಿಸಿದ ಐಡಿಗಳಲ್ಲಿ ಎಷ್ಟಕ್ಕೆ ವಿಡಿಯೊ ಇದೆ ಎಂದು ನೋಡಿ, ಆ ಪ್ರಮಾಣವನ್ನು ಈ ಒಟ್ಟಿಗೆ ಗುಣಿಸುವುದು ಉಪಾಯ. ಕೊನೆಯ ಅಕ್ಷರಕ್ಕೆ 16 ಆಯ್ಕೆಯಿಂದಲೇ ಐಡಿ ಹುಟ್ಟಿಸಿ, ಗುಣಿಸುವಾಗ ಮಾತ್ರ 64 ಹಿಡಿದವರಿಗೆ ಉತ್ತರ ನಾಲ್ಕು ಪಟ್ಟು ಉಬ್ಬಿ ಬರುತ್ತದೆ. ಇದು ಬಹಳ ಸಾಮಾನ್ಯ ಎಡವಟ್ಟು.

ಮನಸ್ಸಿಗೆ ಬಂದ ಐಡಿಗಳನ್ನು ಎಪಿಐಗೆ ಕೊಡುತ್ತ ಹೋಗುತ್ತೇನೆ ಎನ್ನುವವರು ಮೊದಲು ಲೆಕ್ಕ ಹಾಕಿ. ದಿನದ ಉಚಿತ ಕೋಟಾ 10,000 ಯೂನಿಟ್, ಒಂದು ಯೂನಿಟ್ಟಿಗೆ 50 ಐಡಿ ಕೇಳಬಹುದು, ಅಂದರೆ ದಿನಕ್ಕೆ 5 ಲಕ್ಷ. ಯೂಟ್ಯೂಬಿನಲ್ಲಿ 1,400 ಕೋಟಿ ವಿಡಿಯೊಗಳಿವೆ ಎಂದು ಹಿಡಿದರೂ ಸುಮಾರು 132 ಕೋಟಿ ಊಹೆಗೆ ಒಂದು ತಗಲುತ್ತದೆ. ಒಂದೇ ಒಂದು ವಿಡಿಯೊ ಸಿಗಲು ಏಳು ವರ್ಷ. ಪ್ರಬಂಧ ಸಲ್ಲಿಸುವ ಗಡುವು ಅಷ್ಟು ಉದಾರವಾಗಿರಲಿಕ್ಕಿಲ್ಲ.

ಅದಕ್ಕೇ ಒಳದಾರಿ ಬೇಕಾಯಿತು. 2011ರಲ್ಲಿ ಸಂಶೋಧಕರ ಒಂದು ತಂಡ ಕಂಡುಕೊಂಡದ್ದು ಇದು: ವಿಡಿಯೊ ಕೊಂಡಿಯ ರೂಪದಲ್ಲಿ ಐಡಿಯ ಮೊದಲ ಕೆಲವು ಅಕ್ಷರಗಳನ್ನಷ್ಟೇ ಹುಡುಕಿದರೆ, ಆ ಅಕ್ಷರಗಳ ಬೆನ್ನಿಗೇ ಅಡ್ಡಗೆರೆ (-) ಇರುವ ಐಡಿಗಳು ಬರುತ್ತವೆ. ನಾಲ್ಕು ಅಕ್ಷರ ಮತ್ತು ಅಡ್ಡಗೆರೆ ಎಂದರೆ ಇರಬಹುದಾದ ಐಡಿಗಳನ್ನೆಲ್ಲ 107 ಕೋಟಿ ಸಮ ಪಾಲು ಮಾಡಿ ಒಂದು ಪಾಲನ್ನು ತೆರೆದು ನೋಡಿದಂತೆ. ಹೀಗೆ ಹಲವು ಪಾಲು ತೆರೆದು ಸರಾಸರಿಯನ್ನು ಗುಣಿಸಿ, ಆಗ ಸುಮಾರು 50 ಕೋಟಿ ವಿಡಿಯೊಗಳಿವೆ ಎಂದರು. ಹುಡುಕಾಟ ದೊಡ್ಡಕ್ಷರ, ಸಣ್ಣಕ್ಷರ ಭೇದ ಮಾಡದಿದ್ದರೆ ನೀವು ತೆರೆದದ್ದು ಒಂದು ಪಾಲಲ್ಲ: ನಾಲ್ಕೂ ಇಂಗ್ಲಿಷ್ ಅಕ್ಷರಗಳಾದರೆ 16 ಪಾಲು, ಅದರಲ್ಲೊಂದು ಅಂಕಿಯಾದರೆ 8. ಆ ಭಾಗಾಕಾರ ಮರೆತರೆ ಉತ್ತರ ಹದಿನಾರು ಪಟ್ಟಿನವರೆಗೂ ದಪ್ಪ. ಆಮ್‌ಹರ್ಸ್ಟ್ ತಂಡ ಇದೇ ಜಾತಿಯ ಜಾಣ್ಮೆಯಿಂದ 10,016 ವಿಡಿಯೊಗಳ ಮಾದರಿ ಹಿಡಿಯಿತು. ಅವರ ಮೊದಲ ಅಂದಾಜು 1,000 ಕೋಟಿಯ ಹತ್ತಿರ, ಮುಂದಿನವು 1,400 ಕೋಟಿಯ ಆಸುಪಾಸು.

ಇಷ್ಟರಿಂದ ಒಟ್ಟು ಸಿಕ್ಕಿತು. ಕನ್ನಡದ ಪಾಲು ಕಂಡುಹಿಡಿಯುವುದು ಬೇರೆಯೇ ಕೆಲಸ, ಬಹಳ ಜನ ಮುಗ್ಗರಿಸುವುದು ಇಲ್ಲಿ.

ಶೀರ್ಷಿಕೆ ನಂಬಬೇಡಿ: ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರೇ ರಾಶಿ. ಅಪ್‌ಲೋಡ್ ಮಾಡುವವರು ತುಂಬುವ ‘ಆಡಿಯೊ ಭಾಷೆ’ ಕಾಲಂ ನಂಬಬೇಡಿ: ಅದು ಖಾಲಿ ಇರುತ್ತದೆ, ಇಲ್ಲವೇ ಇಂಗ್ಲಿಷ್ ಎಂದಿರುತ್ತದೆ. ಮಾತನ್ನು ಬರಹಕ್ಕಿಳಿಸುವ ವಿಸ್ಪರ್‌ನಂಥ ಯಂತ್ರ ಭಾಷೆ ಗುರುತಿಸಲು ಕೇಳಿಸಿಕೊಳ್ಳುವುದು ಮೊದಲ 30 ಸೆಕೆಂಡನ್ನು ಮಾತ್ರ. ಅಲ್ಲಿ ನಮ್ಮವರು ಹಾಕುವುದು ಇಂಟ್ರೊ ಮ್ಯೂಸಿಕ್. ಅದರ ಭಾಷಾಪಟ್ಟಿಯಲ್ಲಿ ಕನ್ನಡ ಇದೆ. ತುಳು, ಕೊಂಕಣಿ ಇಲ್ಲ. ಮಂಗಳೂರಿನ ತುಳು ಕಾಮಿಡಿಗೂ ಅದು ತನ್ನ ಪಟ್ಟಿಯಲ್ಲಿರುವ ಯಾವುದೋ ಭಾಷೆಯ ಚೀಟಿಯನ್ನೇ ಅಂಟಿಸಬೇಕು, ಎಷ್ಟೋ ಸಲ ಅದು ಕನ್ನಡದ್ದೇ ಆಗಿರುತ್ತದೆ.

ಹೀಗೆ ಮಾಡಿ. ಪ್ರತಿ ವಿಡಿಯೊದ ಕಾಲು, ಅರ್ಧ, ಮುಕ್ಕಾಲು ಭಾಗದಲ್ಲಿ 30 ಸೆಕೆಂಡಿನ ಮೂರು ತುಣುಕು ತೆಗೆಯಿರಿ. ಇಬ್ಬರು ಬೇರೆ ಬೇರೆಯಾಗಿ ಕೇಳಲಿ, ಒಪ್ಪಿಗೆಯಾಗದಿದ್ದರೆ ಮೂರನೆಯವರು. ಕಂಗ್ಲಿಷನ್ನು ಎಲ್ಲಿಗೆ ಸೇರಿಸಬೇಕೆಂಬ ನಿಯಮ ಕೇಳುವ ಮೊದಲೇ ಬರೆದಿಡಿ. ಮಾತೇ ಇಲ್ಲದ ವಿಡಿಯೊಗಳಿಗೆ ಪ್ರತ್ಯೇಕ ಕಾಲಂ ಇಡಿ. ಅವುಗಳನ್ನು ಛೇದದಿಂದ ಸದ್ದಿಲ್ಲದೆ ಕಿತ್ತರೆ ಕನ್ನಡದ ಪಾಲು ತಾನಾಗಿ ಏರುತ್ತದೆ. 10,000 ವಿಡಿಯೊಗಳನ್ನು ತಲಾ 90 ಸೆಕೆಂಡ್ ಒಬ್ಬರು ಕೇಳಲು 250 ಗಂಟೆ ಬೇಕು, ಇಬ್ಬರಿಗೆ 500. ಅದಕ್ಕೇ ಎಲ್ಲರೂ ಮೊದಲು ಯಂತ್ರದ ಜರಡಿ ಹಿಡಿಯುತ್ತಾರೆ. ಹಿಡಿಯಿರಿ, ತಪ್ಪಿಲ್ಲ. ಆದರೆ ಜರಡಿ ಬಿಸಾಡಿದ್ದನ್ನೂ ಕಿವಿಯಿಂದ ಪರೀಕ್ಷಿಸಿ. ಬಿಸಾಡಿದ 9,000ದಲ್ಲಿ 200 ಕೇಳಿ ಒಂದು ಕನ್ನಡ ಸಿಕ್ಕಿತೆನ್ನಿ, ‘ಒಂದೇ ತಾನೇ’ ಎಂದು ಬಿಡುವಂತಿಲ್ಲ: ಆ ಲೆಕ್ಕದಲ್ಲಿ 45 ವಿಡಿಯೊ ತಪ್ಪಿಹೋಗಿವೆ. 1,000 ಕೇಳಿ ಒಂದೂ ಸಿಗದಿದ್ದರೂ 27ರವರೆಗೆ ತಪ್ಪಿರಬಹುದು (ಸೊನ್ನೆ ಸಿಕ್ಕಾಗ ಸಾವಿರಕ್ಕೆ ಮೂರರವರೆಗೆ ಇರಬಹುದೆಂದು ಹಿಡಿಯುವುದು ರೂಢಿ).

ಕೊನೆಗೆ ಗುಣಾಕಾರ. ಉದಾಹರಣೆಗೆಂದು ಮಾತ್ರ, 10,000ದಲ್ಲಿ ಕನ್ನಡದವು 60 ಸಿಕ್ಕವು ಎಂದುಕೊಳ್ಳಿ. (ಈ 60 ಲೆಕ್ಕಕ್ಕಾಗಿ ಹಿಡಿದದ್ದು. ಯಾರಾದರೂ ಇದನ್ನು ಉಲ್ಲೇಖಿಸಿದ್ದು ಕಂಡರೆ ನನಗೆ ಸಿಟ್ಟು ಬರುತ್ತದೆ.) ಇಂಥ ಎಣಿಕೆಯ ಏರುಪೇರು ಸುಮಾರು ಅದರ ವರ್ಗಮೂಲದಷ್ಟು. 60ರ ವರ್ಗಮೂಲ 7.7, ಅದರ ಎರಡರಷ್ಟು ಅತ್ತಿತ್ತ ಬಿಟ್ಟರೆ 45ರಿಂದ 75. 1,400 ಕೋಟಿಗೆ ಗುಣಿಸಿದರೆ 6.3 ಕೋಟಿಯಿಂದ 10.5 ಕೋಟಿ. ಬರೆಯಬೇಕಾದದ್ದು ಈ ವ್ಯಾಪ್ತಿಯನ್ನೇ, ನಡುವಿನ 8.4 ಕೋಟಿಯನ್ನೊಂದೇ ಬರೆದರೆ ಮಾರ್ಗದರ್ಶಕರು ಅಂಕ ಕಳೆಯಬೇಕು. ಒಟ್ಟಿನ ಅಂದಾಜಿನಲ್ಲಿರುವ ತಪ್ಪು ಇದರ ಮೇಲೆ ಬೇರೆ. ಮಾದರಿ ತೆಗೆದ ತಾರೀಖನ್ನೂ ಬರೆಯಿರಿ.

ಪ್ರಶ್ನೆ: ವಿಡಿಯೊಗಳ ಸಂಖ್ಯೆ ಸಿಕ್ಕರೆ, ಅದನ್ನು ನಡುವಿನ ಅವಧಿಗೆ ಗುಣಿಸಿ ಒಟ್ಟು ಗಂಟೆ ಹೇಳಬಹುದಲ್ಲವೇ?

ಇಲ್ಲ, ಸರಾಸರಿ ಬೇಕು. ಆ ಸರಾಸರಿಯೂ ಹಟಮಾರಿ. 9,990 ವಿಡಿಯೊ ತಲಾ ಒಂದು ನಿಮಿಷದವಾದರೆ ಒಟ್ಟು 166 ಗಂಟೆ. ಉಳಿದ ಹತ್ತು, 12 ಗಂಟೆಯ ಭಜನೆ ಲೂಪ್‌ಗಳಾದರೆ 120 ಗಂಟೆ. ಹತ್ತು ವಿಡಿಯೊ ಸೇರಿ ಶೇ 42. ಅಂಥವು ಮಾದರಿಯಲ್ಲಿ ಹತ್ತು ಬಿದ್ದವೋ ಐದು ಬಿದ್ದವೋ ಎಂಬುದರ ಮೇಲೆ ಉತ್ತರ ತೂಗಾಡುತ್ತದೆ. ಉದ್ದದ ವಿಡಿಯೊಗಳನ್ನು ಬೇರೆ ಗುಂಪು ಮಾಡಿ ಹೆಚ್ಚು ಸಂಖ್ಯೆಯಲ್ಲಿ ಪರೀಕ್ಷಿಸಿ.

ಪ್ರಶ್ನೆ: ನಿಮಿಷಕ್ಕೆ 500 ಗಂಟೆ ಅಪ್‌ಲೋಡ್ ಆಗುತ್ತದಂತೆ. ಅದನ್ನೇ ವರ್ಷಗಳಿಗೆ ಗುಣಿಸಿದರೆ?

ಕೆಆರ್‌ಎಸ್ ಒಳಹರಿವು ಓದಿ ಅಣೆಕಟ್ಟೆಯಲ್ಲಿ ಎಷ್ಟು ಟಿಎಂಸಿ ನೀರಿದೆ ಎಂದು ಹೇಳಿದಂತಾಗುತ್ತದೆ. 500 ಎಂಬುದು 2019ರ ಸುಮಾರಿನ ಅಂಕಿ, 2013ರಲ್ಲಿ ಅದು 100 ಇತ್ತು. ಅಳಿಸಿಹಾಕಿದ್ದರ ಲೆಕ್ಕ ಇದರಲ್ಲಿಲ್ಲ. ಒಂದು ದಿನದ್ದನ್ನು ನೋಡಲು 82 ವರ್ಷ ಬೇಕು ಎಂದು ಭಾಷಣದಲ್ಲಿ ಹೇಳಲಷ್ಟೇ ಅದು ಉಪಯೋಗ.

ಪ್ರಶ್ನೆ: ನೆಟ್‌ಫ್ಲಿಕ್ಸ್‌ನಲ್ಲಿ 10,000 ಕೋಟಿ ಗಂಟೆಯ ವಿಡಿಯೊ ಇದೆಯೇ?

ಅದು 2023ರ ಮೊದಲ ಆರು ತಿಂಗಳಲ್ಲಿ ಜನ ನೋಡಿದ ಗಂಟೆ.

ಪ್ರಶ್ನೆ: ಕ್ಯಾಮೆರಾ ಇಡುವ ಫೈಲ್ ಹೆಸರನ್ನು ನಂಬರ್ ಸಮೇತ ಹುಡುಕಿದರೆ ಯಾದೃಚ್ಛಿಕ ಮಾದರಿ ಸಿಗುತ್ತದಲ್ಲ?

ಹೆಸರು ಬದಲಿಸಲು ಸೋಮಾರಿಯಾದವರ ಮಾದರಿ ಸಿಗುತ್ತದೆ.

ಪ್ರಶ್ನೆ: ಕನ್ನಡ ಪಾಡ್‌ಕಾಸ್ಟ್‌ಗಳಿಗೆ ಐಡಿ ತಂತ್ರ ಇಲ್ಲವಲ್ಲ, ಎಣಿಸುವುದು ಹೇಗೆ?

ಕೆರೆಯ ಮೀನು ಎಣಿಸಿದಂತೆ: ಒಮ್ಮೆ ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿದಾಗ ಗುರುತಿನವು ಎಷ್ಟು ಸಿಕ್ಕವು ಎಂದು ನೋಡುವುದು. ಸಂಬಂಧವಿಲ್ಲದ ಎರಡು ಪಟ್ಟಿ ಹಿಡಿಯಿರಿ. ಒಂದರಲ್ಲಿ 300, ಇನ್ನೊಂದರಲ್ಲಿ 240, ಎರಡರಲ್ಲೂ ಇರುವವು 120 ಎಂದಾದರೆ 300ನ್ನು 240ರಿಂದ ಗುಣಿಸಿ 120ರಿಂದ ಭಾಗಿಸಿ: 600. ಜನಪ್ರಿಯವಾದವು ಎರಡೂ ಕಡೆ ಇದ್ದೇ ಇರುತ್ತವೆ, ಹಾಗಾಗಿ ಈ ಉತ್ತರ ನಿಜಕ್ಕಿಂತ ಕಡಿಮೆಯ ಕಡೆಗೇ ವಾಲುತ್ತದೆ. ಹೆಸರಿನಿಂದ ಹೊಂದಿಸಬೇಡಿ, ಆರ್‌ಎಸ್‌ಎಸ್ ಫೀಡ್ (ಆ್ಯಪ್‌ಗಳಿಗೆ ಕಂತುಗಳನ್ನು ತಲುಪಿಸುವ ಕೊಂಡಿ) ವಿಳಾಸದಿಂದ ಹೊಂದಿಸಿ; ‘ಕನ್ನಡ ಕಥೆಗಳು’ ಎಂಬ ಹೆಸರು ಎಷ್ಟು ಜನರಿಗೆ ಹೊಳೆದಿದೆಯೋ.

ಪ್ರಶ್ನೆ: ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ 10 ಕೋಟಿ ಹಾಡು ಎನ್ನುತ್ತಾರೆ. ಅಷ್ಟು ಹಾಡುಗಳಿವೆಯೇ?

ಹಾಡುಗಳಲ್ಲ, ಟ್ರ್ಯಾಕ್‌ಗಳು. ಎಣಿಕೆಯ ಆಧಾರ ಪ್ರತಿ ಧ್ವನಿಮುದ್ರಣಕ್ಕೂ ಕೊಡುವ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಸಂಕೇತ. ರೀಮಿಕ್ಸ್, ಲೋಫೈ, ಕರೋಕೆ, ಪ್ರತಿಯೊಂದಕ್ಕೂ ಬೇರೆ. ಹಳೆಯದನ್ನೇ ಹೊಸ ಸಂಗ್ರಹದಲ್ಲಿ ಹಾಕುವಾಗ ಹಳೆಯ ಸಂಕೇತವನ್ನೇ ಬಳಸಬೇಕೆಂಬ ನಿಯಮವಿದೆ, ಪಾಲಿಸದವರೂ ಇದ್ದಾರೆ. ಸಂಗೀತದ ಅಂಕಿಅಂಶ ಕಲೆಹಾಕುವ ಲ್ಯುಮಿನೇಟ್ ಸಂಸ್ಥೆ 2023ರ ಕೊನೆಗೆ ಎಣಿಸಿದ್ದು 18.4 ಕೋಟಿ ಟ್ರ್ಯಾಕ್, ಅದರಲ್ಲಿ 4.56 ಕೋಟಿಯನ್ನು ಆ ವರ್ಷ ಯಾರೂ ಒಮ್ಮೆಯೂ ಕೇಳಿರಲಿಲ್ಲ.

ಪ್ರಶ್ನೆ: ‘ಸಮಸ್ತ ಕನ್ನಡ ವಿಡಿಯೊಗಳ ಡೇಟಾಬೇಸ್’ ಎಂದು ಒಬ್ಬರು ಮಾರುತ್ತಿದ್ದಾರೆ. ಕೊಳ್ಳಬಹುದೇ?

ಮಾದರಿಯನ್ನು ಎಲ್ಲಿಂದ ತೆಗೆದರು, ಎಷ್ಟು ಸಿಕ್ಕಿತು, ಯಾವ ತಾರೀಖು ಎಂದು ಕೇಳಿ. ‘ನಮ್ಮ ಎಐ ಕಂಡುಹಿಡಿಯಿತು’ ಎಂದರೆ ಫೋನ್ ಇಡಿ.