ಮಗು ಹೋದ ಮೇಲೆ ಹೆಂಡತಿ ಮಾತೇ ಆಡುತ್ತಿಲ್ಲ, ಏನು ಹೇಳಿ ಸಮಾಧಾನ ಮಾಡಲಿ?

ಮೂರು ತಿಂಗಳಿಗೆ ಅಬಾರ್ಷನ್ ಆಗಿ ಹದಿನೈದು ದಿನವಾಯ್ತು, ಮನೆಯವರೆಲ್ಲ ಧೈರ್ಯ ಹೇಳಿದರೂ ಅವಳು ಮಾತೇ ಆಡುತ್ತಿಲ್ಲ ಅಂತ ಚಿಕ್ಕಮಗಳೂರಿಂದ ಬರೆದಿದ್ದೀರಿ. ಓದಿ ಹೊಟ್ಟೆಯಲ್ಲಿ ಸಂಕಟವಾಯ್ತು. ನಾನು ಸಕಲೇಶಪುರದ ಕಡೆಯವಳು. ನಂದು ಐದನೇ ತಿಂಗಳಲ್ಲಿ ಹೋಯ್ತು.

ಧೈರ್ಯ ಹೇಳೋದನ್ನ ಮೊದಲು ನಿಲ್ಲಿಸಿ ಅಣ್ಣಾ. "ಹೋಗ್ಲಿ ಬಿಡು, ವಯಸ್ಸಿದೆ, ಇನ್ನೊಂದಾಗುತ್ತೆ" ಅಂತ ಬಂದವರೆಲ್ಲ ನನಗೂ ಹೇಳಿದರು. ನನಗೆ ಇನ್ನೊಂದು ಬೇಕಿರಲಿಲ್ಲ, ಅದೇ ಬೇಕಿತ್ತು. ಮೂರನೇ ದಿನ ಎದೆಹಾಲು ಬಂದು ಬ್ಲೌಸ್ ನೆಂದುಹೋಯ್ತು. ಹೀಗೂ ಆಗುತ್ತೆ ಅಂತ ಆಸ್ಪತ್ರೆಯಲ್ಲಿ ಯಾರೂ ಹೇಳಿ ಕಳಿಸಿರಲಿಲ್ಲ. ಬಚ್ಚಲುಮನೆ ಬಾಗಿಲು ಹಾಕ್ಕೊಂಡು ನಲ್ಲಿ ಬಿಟ್ಟು ಅತ್ತಿದ್ದೆ, ಹೊರಗೆ ಕೇಳಬಾರದು ಅಂತ.

ನನ್ನ ಬಾಯಿ ಬಿಡಿಸಿದ್ದು ನಮ್ಮ ಅತ್ತಿಗೆ. ಅವರೆಕಾಯಿ ಕಾಲ. ಮೊರದ ತುಂಬ ಕಾಯಿ ತಂದು ಪಕ್ಕದಲ್ಲಿ ಕೂತು ಸುಲಿಯುತ್ತಾ, ತಲೆ ಎತ್ತದೆ ಕೇಳಿದರು: "ಏನು ಹೆಸರಿಡೋಣ ಅಂತಿದ್ದೆ?" ಹೇಳಿದೆ. ಆಮೇಲೆ ಮೊರ ಖಾಲಿಯಾಗೋ ತನಕ ನಾನೇ ಮಾತಾಡಿದೆ. ಅವರು ಒಂದು ಬುದ್ಧಿಮಾತೂ ಹೇಳಲಿಲ್ಲ.

ಒಂದು ಮಾತು ಮಾತ್ರ ನೀವು ಬಾಯಿಬಿಟ್ಟು ಹೇಳಲೇಬೇಕು, ಹಿರಿಯರ ಎದುರಿಗೇ: ಇದು ಅವಳ ತಪ್ಪಲ್ಲ. ಪರಂಗಿಹಣ್ಣು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು ಅಂತ ಆಡುವ ಮಾತು ಒಳಗೇ ಕೊರೆಯುತ್ತೆ. ಗೊತ್ತಾದ ನೂರು ಬಸಿರಲ್ಲಿ 10-15 ಹೀಗೆ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವುದರಲ್ಲಿ ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ, ತಾಯಿ ಮಾಡಿದ್ದೇನೂ ಅಲ್ಲ.

ನಿಮ್ಮ ಹೆಂಡತಿ ಕೆಲಸದಲ್ಲಿದ್ದರೆ ಕೇಳಿ ನೋಡಿ, ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಗರ್ಭಪಾತಕ್ಕೂ ಆರು ವಾರ ಸಂಬಳದ ರಜೆ ಇದೆ. ಕಾಫಿ ತೋಟದ ಕೂಲಿ ಹೆಂಗಸರಿಗೂ ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಊಟ, ನಿದ್ದೆ ಬಿಟ್ಟು ಹೀಗೇ ದಿನ ಕಳೀತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳೋ ಸಹಾಯವಾಣಿ. ದುಡ್ಡಿಲ್ಲ, ಹಗಲುರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಬಂದರಂತೂ ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಿಮಗೂ ಅಳು ಬಂದರೆ ಹೆಂಡತಿಯ ಮುಂದೆಯೇ ಅಳಿ. ಡಾಕ್ಟರ್ ಕೊಟ್ಟಿದ್ದ ಹೆರಿಗೆ ಡೇಟನ್ನ ನೆನಪಿಟ್ಟುಕೊಳ್ಳಿ, ಅವರು ಮರೆತಿರಲ್ಲ. ನಮ್ಮ ಯಜಮಾನರು ಆ ದಿನ ತೋಟಕ್ಕೆ ಹೋಗದೆ ಮನೆಯಲ್ಲೇ ಉಳಿದರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.