ಟೂರ್ ಡಿ ಫ್ರಾನ್ಸ್ ನಡೆಯುವಾಗ ಅದೇ ರಸ್ತೆಯಲ್ಲಿ ಸೈಕಲ್ ತುಳಿಸುವ ಗೈಡೆಡ್ ಟೂರ್‌ಗೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನಲ್ಲಿದ್ದೀರಿ, 46 ವರ್ಷ, ಭಾನುವಾರ ಭಾನುವಾರ ಚಾಮುಂಡಿ ಬೆಟ್ಟ ಹತ್ತುತ್ತೀರಿ. ಜುಲೈನಲ್ಲಿ ಫ್ರಾನ್ಸ್‌ನಲ್ಲಿ ಮೂರು ವಾರ ನಡೆಯುವ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ಹಿಂದೆ ಗೈಡ್ ಜೊತೆ ಸೈಕಲ್ ತುಳಿಸುವ ಟೂರ್‌ಗಳ ಬಗ್ಗೆ ಕೇಳಿದ್ದೀರಿ. ಅಷ್ಟು ದುಡ್ಡು ಹಾಕಬೇಕಾ, ಟೀವಿಯಲ್ಲೇ ಚೆನ್ನಾಗಿ ಕಾಣಲ್ವಾ, ನನ್ನ ಕೈಲಿ ಆಗುತ್ತಾ ಅಂತ.

ಟೀವಿಯಲ್ಲೇ ಚೆನ್ನಾಗಿ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸಪಾಟು ರಸ್ತೆಯ ದಿನ ನೂರೈವತ್ತಕ್ಕೂ ಹೆಚ್ಚು ಸವಾರರು ಗಂಟೆಗೆ 45–50 ಕಿ.ಮೀ. ವೇಗದಲ್ಲಿ ಒಟ್ಟಿಗೆ ಬರುತ್ತಾರೆ. ಒಂದು ಗಾಳಿ, ಚೈನುಗಳ ಸದ್ದು, ಮುಗೀತು. ರೇಸಿನಲ್ಲಿ ಒಟ್ಟಾರೆ ಮುಂದಿರುವವರು ತೊಡುವ ಹಳದಿ ಜೆರ್ಸಿ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಹಿಂದಿನ ಕಾರುಗಳು ಬಂದಿರುತ್ತವೆ. ಬರೀ ಅದನ್ನು ನೋಡೋಕೆ ಫ್ರಾನ್ಸ್‌ವರೆಗೆ ಹೋಗಬೇಡಿ.

ಹೋಗಬೇಕಾದ್ದು ತುಳಿಯೋಕೆ. ಟೆಸ್ಟ್ ಪಂದ್ಯದ ದಿನ ಬೆಳಿಗ್ಗೆ ಚಿನ್ನಸ್ವಾಮಿ ಸ್ಟೇಡಿಯಂನ ಪಿಚ್ ಮೇಲೆ ನಮಗೆ ಬ್ಯಾಟ್ ಹಿಡಿಯಲು ಯಾರೂ ಬಿಡುವುದಿಲ್ಲ. ಸೈಕಲ್ ರೇಸ್‌ನಲ್ಲಿ ಬಿಡುತ್ತಾರೆ. ಮಧ್ಯಾಹ್ನ ಜಗತ್ತಿನ ಅತ್ಯುತ್ತಮ ಸವಾರರು ಹತ್ತುವ ಬೆಟ್ಟವನ್ನು ಬೆಳಿಗ್ಗೆ ನೀವು ಹತ್ತಬಹುದು. ಅದೇ ಡಾಂಬರು, ಅದೇ ತಿರುವು. ರಸ್ತೆ ಮೇಲೆ ಬಣ್ಣದಲ್ಲಿ ಬರೆದ ಹೆಸರುಗಳೂ ಆಗಲೇ ಅಲ್ಲಿರುತ್ತವೆ. ನಾನು ಇಂಥ ಟೂರ್‌ಗೆ ಯಾರಿಗಾದರೂ ಹೋಗಿ ಅನ್ನುವುದು ಈ ಒಂದು ಕಾರಣಕ್ಕೆ.

ನಾನು ಹೋಗಿದ್ದು 2022ರಲ್ಲಿ, ಆಲ್ಪ್ಸ್ ಕಡೆಗೆ. ಬೂರ್ ದ್ವಾಜಾಂ ಎಂಬ ಸಣ್ಣ ಊರಿನಲ್ಲಿ ಉಳಿದಿದ್ದೆವು. ಆಲ್ಪ್ ಡ್ಯುಯೇಜ್ ಏರು ಶುರುವಾಗುವುದು ಅಲ್ಲಿಂದಲೇ. 13.8 ಕಿ.ಮೀ. ದೂರ, 21 ಹೇರ್‌ಪಿನ್ ತಿರುವು, ಸರಾಸರಿ ಶೇ 8ರಷ್ಟು ಏರು, ಅಂದರೆ ನೂರು ಮೀಟರ್ ಹೋದರೆ ಎಂಟು ಮೀಟರ್ ಮೇಲೆ. ತಿರುವುಗಳ ಎಣಿಕೆ ಕೆಳಗಿನಿಂದ 21, 20, 19 ಅಂತ ಇಳಿಯುತ್ತಾ ಹೋಗುತ್ತದೆ. ಪ್ರತಿ ತಿರುವಿನಲ್ಲೂ ಅಲ್ಲಿ ಗೆದ್ದವರ ಹೆಸರಿನ ಫಲಕ ಇದೆ. ಮೊದಲು ಗೆದ್ದವರು ಇಟಲಿಯ ಫೌಸ್ಟೊ ಕೊಪ್ಪಿ, 1952ರಲ್ಲಿ. ಗೆದ್ದವರ ಸಂಖ್ಯೆ 21 ದಾಟಿರುವುದರಿಂದ ಕೆಲವು ಫಲಕಗಳಲ್ಲಿ ಎರಡೆರಡು ಹೆಸರಿವೆ.

ಆ ದಿನ ಜುಲೈ 14, ಫ್ರಾನ್ಸ್‌ನ ರಾಷ್ಟ್ರೀಯ ಹಬ್ಬ. ಬಿಸಿಲು ಜೋರಾಗಿತ್ತು. ಬೆಳಿಗ್ಗೆ ಬೇಗ ತಿಂಡಿ ಮುಗಿಸಿ ಹತ್ತಲು ಶುರು ಮಾಡಿದೆವು. ಮೊದಲ ಎರಡು ಕಿಲೋಮೀಟರೇ ಅತಿ ಕಡಿದು, ಶೇ 10ರ ಆಸುಪಾಸು. ಗೈಡ್ ಹಿಂದಿನ ರಾತ್ರಿಯೇ ಹೇಳಿದ್ದರು, ಅಲ್ಲಿ ಯಾರ ಹಿಂದೆಯೂ ಓಡಬೇಡಿ, ಸುಮ್ನೆ ನಿಮ್ಮ ಉಸಿರಿಗೆ ತಕ್ಕಂತೆ ಹೋಗಿ ಅಂತ. ರಸ್ತೆಯ ಎರಡೂ ಬದಿ ಕ್ಯಾಂಪರ್ ವ್ಯಾನ್‌ಗಳು, ಟೆಂಟುಗಳು. ಎಷ್ಟೋ ಜನ ದಿನಗಟ್ಟಲೆ ಮುಂಚೆ ಬಂದು ಜಾಗ ಹಿಡಿದಿದ್ದರು. ಅವರು ನಮ್ಮಂಥವರಿಗೂ ಕೂಗುತ್ತಾರೆ! ಮಕ್ಕಳು ಕೈ ಚಾಚಿ ನಿಲ್ಲುತ್ತಾರೆ, ಯಾರೋ ಅಜ್ಜ ತಲೆ ಮೇಲೆ ನೀರು ಸುರಿಯುತ್ತಾರೆ. ಏಳನೇ ತಿರುವು ಡಚ್ಚರದ್ದು, ಅಂದರೆ ನೆದರ್ಲೆಂಡ್ಸ್‌ನ ಅಭಿಮಾನಿಗಳದ್ದು. ಇಡೀ ತಿರುವು ಕಿತ್ತಳೆ ಬಣ್ಣ, ಹಾಡು, ಕುಣಿತ. ನಡುವೆ ಒಂದು ಸೈಕಲ್ ಹೋಗುವಷ್ಟೇ ದಾರಿ. ಕಾಲಲ್ಲಿ ಶಕ್ತಿ ಉಳಿದಿಲ್ಲ ಅಂದುಕೊಂಡಿದ್ದರೂ ಅಲ್ಲಿ ಎದ್ದು ನಿಂತು ತುಳಿಯುತ್ತೀರಿ. ಇದನ್ನು ಟೀವಿ ಕೊಡಲಾರದು.

ಆಮೇಲೆ ಕಾಯುವುದು. ರೇಸ್ ಬರುವುದಕ್ಕೆ ಸುಮಾರು ಎರಡು ಗಂಟೆ ಮುಂಚೆ ಜಾಹೀರಾತಿನ ಗಾಡಿಗಳ ಮೆರವಣಿಗೆ ಬರುತ್ತದೆ. 1930ರಿಂದ ನಡೆದುಬಂದ ಪದ್ಧತಿ. ಟೋಪಿ, ಬಿಸ್ಕತ್ತು, ಕೀ ಚೈನು ಎಸೆಯುತ್ತಾ ಹೋಗುತ್ತಾರೆ. ಅಷ್ಟರಲ್ಲಿ ಅತ್ತ ರೇಸ್ ಶುರುವಾಗಿರುತ್ತದೆ. ಅಂದು ಬ್ರಿಯಾನ್ಸೋನ್‌ನಿಂದ ಹೊರಟು ಗಾಲಿಬಿಯೆ, ಕ್ರ್ವಾ ದ ಫೇರ್ ಎಂಬ ಎರಡು ದೈತ್ಯ ಬೆಟ್ಟ ದಾಟಿ ಇಲ್ಲಿಗೆ ಬರಬೇಕಿತ್ತು, ಒಟ್ಟು 165 ಕಿ.ಮೀ. ಒಂದು ಕುಟುಂಬ ವ್ಯಾನಿನ ಹೊರಗೆ ಟೀವಿ ಇಟ್ಟಿತ್ತು. ಸುತ್ತ ಮೂವತ್ತು ನಲವತ್ತು ಜನ. ಗಾಲಿಬಿಯೆ ಇಳಿಜಾರಿನಲ್ಲಿ ಇಂಗ್ಲೆಂಡಿನ ಟಾಮ್ ಪಿಡ್‌ಕಾಕ್ ಇಳಿದ ಪರಿ ನೋಡಿ ಎಲ್ಲರೂ ಒಟ್ಟಿಗೆ ಉಸಿರು ಬಿಗಿಹಿಡಿದರು. ಭಾಷೆ ಬಾರದವರೆಲ್ಲ ಆ ಹೊತ್ತಿಗೆ ಸ್ನೇಹಿತರಾಗಿದ್ದೆವು.

ಮೊದಲು ಹೆಲಿಕಾಪ್ಟರ್ ಸದ್ದು, ಆಮೇಲೆ ಕೆಳಗಿನ ತಿರುವುಗಳಿಂದ ಕೂಗು ಮೇಲೇರಿ ಬರುತ್ತದೆ. ಪಿಡ್‌ಕಾಕ್ ಒಬ್ಬರೇ ಬಂದರು. ಆಗ ಅವರಿಗೆ 22 ವರ್ಷ. ಈ ಬೆಟ್ಟದಲ್ಲಿ ಗೆದ್ದವರಲ್ಲಿ ಅವರೇ ಅತಿ ಕಿರಿಯರಾದರು. ಹಿಂದೆ ದಕ್ಷಿಣ ಆಫ್ರಿಕಾದ ಲೂಯಿ ಮೈಂಟ್ಜೆಸ್, ಅವರ ಹಿಂದೆ ಕ್ರಿಸ್ ಫ್ರೂಮ್. ನಾಲ್ಕು ಸಲ ಟೂರ್ ಡಿ ಫ್ರಾನ್ಸ್ ಗೆದ್ದಿದ್ದ ಬ್ರಿಟನ್ನಿನ ಫ್ರೂಮ್ 2019ರಲ್ಲಿ ಭೀಕರವಾಗಿ ಬಿದ್ದು ಮೂಳೆ ಮುರಿದುಕೊಂಡವರು. ಅವರು ಮತ್ತೆ ಇಂಥ ಬೆಟ್ಟದಲ್ಲಿ ಮೂರನೆಯವರಾಗಿ ಬರುತ್ತಿದ್ದಾರೆ ಅಂದಾಗ ಜನ ಗಂಟಲು ಹರಿಯುವಂತೆ ಕೂಗಿದರು. ನಾನೂ ಕೂಗಿದೆ. ಹಿಂದಿನ ದಿನವಷ್ಟೇ ಗ್ರಾನೋ ಬೆಟ್ಟದಲ್ಲಿ ಸ್ಲೊವೇನಿಯಾದ ಪೊಗಾಚಾರ್ ಕೈಯಿಂದ ಹಳದಿ ಜೆರ್ಸಿ ಕಸಿದುಕೊಂಡಿದ್ದ ಡೆನ್ಮಾರ್ಕಿನ ವಿಂಗೆಗಾರ್ಡ್, ಪೊಗಾಚಾರ್ ಇಬ್ಬರೂ ತೋಳಳತೆಯಲ್ಲಿ ಹಾದುಹೋದರು. ಬೆಟ್ಟದಲ್ಲಿ ವೇಗ ಕಡಿಮೆ ಇರುವುದರಿಂದ ಮುಖ ಕಾಣುತ್ತದೆ, ಉಸಿರು ಕೇಳುತ್ತದೆ. ಹಿಂದುಳಿದವರು ಬರಲು ಇನ್ನೂ ಅರ್ಧ ಗಂಟೆ ಹಿಡಿಯಿತು. ನಾವು ಬೆಳಿಗ್ಗೆ ಒಂದೂವರೆ ಗಂಟೆ ಹತ್ತಿದ ಬೆಟ್ಟವನ್ನು ಮೊದಲಿನವರು ಸುಮಾರು 40 ನಿಮಿಷದಲ್ಲಿ ಮುಗಿಸಿದ್ದರು, ಅದೂ ಎರಡು ಬೆಟ್ಟ ದಾಟಿ ಬಂದು. ಬೆಳಿಗ್ಗೆ ತುಳಿದವರಿಗೆ ಮಾತ್ರ ಈ ವ್ಯತ್ಯಾಸ ಮೈಯಲ್ಲಿ ಗೊತ್ತಾಗುತ್ತದೆ.

ಹಾಗಾಗಿ ಟೂರ್ ಆರಿಸುವಾಗ ಬೆಟ್ಟದ ದಿನಗಳಿರುವುದನ್ನೇ ಆರಿಸಿ. ಪ್ಯಾರಿಸ್‌ನ ಕೊನೆಯ ದಿನ, ವಿಐಪಿ ಗ್ಯಾಲರಿ, ತಂಡದ ಬಸ್ಸಿನ ಹತ್ತಿರ ಫೋಟೊ, ಇವಕ್ಕೆ ಜಾಸ್ತಿ ಬೆಲೆ ಹಾಕುತ್ತಾರೆ. ನನ್ನ ಮಟ್ಟಿಗೆ ಆ ದುಡ್ಡಿನಲ್ಲಿ ಇನ್ನೆರಡು ದಿನ ತುಳಿಯುವುದು ಮೇಲು.

ಗೈಡ್ ಯಾಕೆ ಬೇಕು ಅಂದರೆ ದಾರಿ ತೋರಿಸೋಕಲ್ಲ, ದಾರಿ ಫೋನಿನಲ್ಲೇ ಸಿಗುತ್ತದೆ. ರಸ್ತೆ ಯಾವಾಗ ಮುಚ್ಚುತ್ತದೆ ಅನ್ನುವ ಅಂದಾಜು ಅವರಿಗಿರುತ್ತದೆ. ದೊಡ್ಡ ಬೆಟ್ಟಗಳಲ್ಲಿ ಕಾರುಗಳನ್ನು ಹಿಂದಿನ ದಿನವೇ ತಡೆಯುವುದುಂಟು. ಸೈಕಲ್ಲಿಗೆ ಇನ್ನಷ್ಟು ಹೊತ್ತು ಬಿಡುತ್ತಾರೆ, ಆದರೆ ಒಂದು ತಿರುವಿನ ಪೊಲೀಸರು ಬಿಟ್ಟರೆ ಮೇಲಿನ ತಿರುವಿನವರು ಇಳಿದು ನಡೆಯಿರಿ ಅನ್ನಬಹುದು. ಸಂಜೆ ಇಳಿಯುವುದು ಇನ್ನೂ ಕಷ್ಟ. ಸಾವಿರಾರು ಜನ ಒಟ್ಟಿಗೆ ಇಳಿಯುತ್ತಿರುತ್ತಾರೆ, ನಡುವೆ ತಂಡದ ಕಾರುಗಳು, ಶಿಳ್ಳೆ ಊದುತ್ತಾ ಇಳಿಯುವ ರೇಸಿನ ಸವಾರರು. ಎಷ್ಟು ಹೊತ್ತು ಮೇಲೆಯೇ ಕಾಯಬೇಕು, ವ್ಯಾನ್ ಎಲ್ಲಿ ನಿಂತಿರುತ್ತದೆ, ಇದನ್ನೆಲ್ಲ ತಿಳಿದ ಗೈಡ್ ಇದ್ದರೆ ದಿನ ಹಾಳಾಗುವುದಿಲ್ಲ.

ಕಥೆ ಗೊತ್ತಿರುವ ಗೈಡ್ ಸಿಕ್ಕರಂತೂ ರಸ್ತೆಯೇ ಬೇರೆಯಾಗಿ ಕಾಣುತ್ತದೆ. ಗಾಲಿಬಿಯೆ ತುದಿ 2,642 ಮೀಟರ್ ಎತ್ತರದಲ್ಲಿದೆ. ಅದರ ದಕ್ಷಿಣದ ಇಳಿಜಾರಿನಲ್ಲಿ, ಸುರಂಗದ ಬಾಯಿಯ ಹತ್ತಿರ, ಟೂರ್ ಡಿ ಫ್ರಾನ್ಸ್ ಹುಟ್ಟುಹಾಕಿದ ಪತ್ರಿಕಾ ಸಂಪಾದಕ ಹೆನ್ರಿ ದೆಗ್ರಾಂಜ್ ಅವರ ಸ್ಮಾರಕವಿದೆ. ಫ್ರಾನ್ಸ್–ಸ್ಪೇನ್ ಗಡಿಯ ಪಿರನೀಸ್ ಬೆಟ್ಟಸಾಲಿನ ಕಡೆ ಹೋದರೆ ಟೂರ್ಮಲೆ ಬೆಟ್ಟದ ಬುಡದಲ್ಲಿ ಸಾಂತ್ ಮಾರಿ ದ ಕಾಂಪಾ ಅಂತ ಹಳ್ಳಿ ಇದೆ. 1913ರಲ್ಲಿ ಯುಜೀನ್ ಕ್ರಿಸ್ಟೋಫ್ ಎಂಬ ಸವಾರ ಟೂರ್ಮಲೆ ಇಳಿಯುವಾಗ ಅವರ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಹೊರಗಿನವರ ಸಹಾಯ ಪಡೆಯುವಂತಿಲ್ಲ ಅನ್ನುವುದು ನಿಯಮ. ಸೈಕಲ್ ಹೊತ್ತು ಕಿಲೋಮೀಟರುಗಟ್ಟಲೆ ನಡೆದು ಈ ಹಳ್ಳಿಯ ಕುಲುಮೆಗೆ ಬಂದರು. ತಾವೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕ್ ಸರಿಮಾಡಿಕೊಂಡು ಮತ್ತೆ ಹೊರಟರು. ಒಬ್ಬ ಹುಡುಗ ತಿದಿ ಒತ್ತಿದ ಅನ್ನುವ ಕಾರಣಕ್ಕೆ ಅವರಿಗೆ ಮೇಲೆ ದಂಡವನ್ನೂ ಹಾಕಿದರು! 1919ರಲ್ಲಿ ಟೂರ್ ಡಿ ಫ್ರಾನ್ಸ್‌ನ ಮೊಟ್ಟಮೊದಲ ಹಳದಿ ಜೆರ್ಸಿ ತೊಟ್ಟವರು ಇದೇ ಕ್ರಿಸ್ಟೋಫ್. ಅಂಥ ಮನುಷ್ಯ ಸೈಕಲ್ ಹೊತ್ತು ನಡೆದ ರಸ್ತೆ ಅಂತ ಗೊತ್ತಿದ್ದು ಹತ್ತುವುದಕ್ಕೂ ಗೊತ್ತಿಲ್ಲದೆ ಹತ್ತುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಟೂರ್ ಕಂಪನಿಗೆ ಕೇಳಬೇಕಾದ್ದು: ಎಷ್ಟು ಸಲ ಹೋಟೆಲ್ ಬದಲಾಯಿಸುತ್ತೀರಿ? ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಮೀಟರ್ ಏರು? ಎಷ್ಟು ಜನಕ್ಕೆ ಒಬ್ಬ ಗೈಡ್? ಸುಸ್ತಾದರೆ ವ್ಯಾನ್ ಹತ್ತಿಸಿಕೊಳ್ಳುತ್ತೀರಾ? ರೇಸ್ ದಿನೇದಿನೇ ಊರು ಬದಲಿಸುತ್ತದೆ. ಅದರ ಹಿಂದೆಯೇ ಓಡುವ ಟೂರ್‌ನಲ್ಲಿ ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತದೆ. ಒಂದೋ ಎರಡೋ ಊರಲ್ಲಿ ನೆಲೆನಿಂತು, ಹತ್ತಿರ ಬರುವ ರೇಸ್ ನೋಡಿ, ಉಳಿದ ದಿನ ಸುತ್ತಲ ಬೆಟ್ಟ ಹತ್ತಿಸುವ ಟೂರ್ ಒಳ್ಳೆಯದು. ವಾರಕ್ಕೆ ಕೆಲವು ಸಾವಿರ ಯೂರೋ ಆಗುತ್ತದೆ, ವಿಮಾನದ ಖರ್ಚು ಬೇರೆ.

ಇನ್ನು ನಿಮ್ಮ ಕೈಲಿ ಆಗುತ್ತಾ ಅನ್ನುವುದು. ಆಗುತ್ತದೆ, ಆರು ತಿಂಗಳು ಶ್ರದ್ಧೆಯಿಂದ ತಯಾರಾದರೆ. ಚಾಮುಂಡಿ ಬೆಟ್ಟದ ಏರು ನಾಲ್ಕೈದು ಕಿಲೋಮೀಟರ್. ಆಲ್ಪ್ ಡ್ಯುಯೇಜ್‌ನ ಒಟ್ಟು ಏರು ಸುಮಾರು 1,100 ಮೀಟರ್, ಅಂದರೆ ಚಾಮುಂಡಿಯನ್ನು ಒಂದೇ ಬೆಳಿಗ್ಗೆ ಹೆಚ್ಚುಕಡಿಮೆ ನಾಲ್ಕು ಸಲ ಹತ್ತಿದಷ್ಟು. ಮೊದಲು ಎರಡು ಸಲ, ಆಮೇಲೆ ಮೂರು, ನಾಲ್ಕು ಅಂತ ಏರಿಸಿ. ವೇಗ ಬೇಡ, ಮಾತಾಡುತ್ತಾ ಹೋಗುವಷ್ಟು ಉಸಿರು ಇರಲಿ. ನಮ್ಮ ಬೆಟ್ಟಗಳಲ್ಲಿ ಅರ್ಧ ಗಂಟೆಗೆ ಇಳಿಜಾರು ಸಿಕ್ಕಿಬಿಡುತ್ತದೆ. ಅಲ್ಲಿ ಒಂದೂವರೆ, ಎರಡು ಗಂಟೆ ಬಿಡುವಿಲ್ಲದೆ ತುಳಿಯಬೇಕು. ಸೊಂಟ, ಕತ್ತು, ಅಂಗೈ ಅದಕ್ಕೆ ಒಗ್ಗಬೇಕು. ಒಂದೆರಡು ಸಲ ನಂದಿ ಬೆಟ್ಟಕ್ಕೂ ಬಂದು ಹೋಗಿ.

ಸೈಕಲ್ ಅಲ್ಲೇ ಬಾಡಿಗೆಗೆ ತಗೊಳ್ಳಿ. ನಿಮ್ಮ ಪೆಡಲ್, ಶೂ, ಹೆಲ್ಮೆಟ್ ಮಾತ್ರ ಒಯ್ಯಿರಿ. ಕಡಿದು ಏರಿನಲ್ಲಿ ಹಗುರಾಗಿ ತುಳಿಯಲು ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲಿನ ಗೇರ್ ಇರಲಿ ಅಂತ ಮೊದಲೇ ಬರೆದು ತಿಳಿಸಿ. ಮುಂದಿನ ಬ್ರೇಕ್ ಯಾವ ಕೈಗೆ ಅಂತಲೂ ಕೇಳಿ, ಅಲ್ಲಿ ಸಾಮಾನ್ಯವಾಗಿ ಎಡಗೈಗೆ ಇರುತ್ತದೆ. ರಸ್ತೆಯ ಬಲಕ್ಕೆ ಓಡಿಸಬೇಕು ಅನ್ನುವುದು ಇಳಿಜಾರಿನ ತಿರುವಿನಲ್ಲಿ ಮರೆಯಬಾರದು. ಮತ್ತೆ, ಚಳಿ. ಜುಲೈ ತಾನೇ ಅಂದುಕೊಳ್ಳಬೇಡಿ. ಎರಡೂವರೆ ಸಾವಿರ ಮೀಟರ್ ಎತ್ತರದಿಂದ ಬೆವರಿದ ಮೈಯಲ್ಲಿ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಗಾಳಿ ತಡೆಯುವ ತೆಳು ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಜೇಬಿನಲ್ಲಿರಲಿ.

ಸಸ್ಯಾಹಾರಿಯಾದರೆ ಬ್ರೆಡ್, ಚೀಸ್, ಪಾಸ್ತಾ, ಆಲೂಗಡ್ಡೆಯಲ್ಲೇ ದಿನ ದೂಡಬೇಕು. ಆ ಕಡೆಯ ಹೆಸರಾದ ತಾರ್ತಿಫ್ಲೆತ್ ಎಂಬ ಆಲೂಗಡ್ಡೆ ಖಾದ್ಯದಲ್ಲಿ ಹಂದಿಮಾಂಸದ ಚೂರು ಹಾಕುತ್ತಾರೆ, ಕೇಳಿ ತಿನ್ನಿ. ಹಳ್ಳಿಯ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಚಿರುತ್ತದೆ. ಚಟ್ನಿಪುಡಿ ಒಂದು ಡಬ್ಬಿ ಒಯ್ದರೆ ರಾತ್ರಿಯೂಟಕ್ಕೆ ರುಚಿ ಬರುತ್ತದೆ.

ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಕಾಯಬೇಡಿ. ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ಅದರಲ್ಲಿ ಬೆಟ್ಟದ ಸೈಕ್ಲಿಂಗ್, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯಾ ಅಂತ ಓದಿ ನೋಡಿ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಹಿಳೆಯರ ಟೂರ್ ಡಿ ಫ್ರಾನ್ಸ್ 2022ರಲ್ಲಿ ಹೊಸ ರೂಪದಲ್ಲಿ ಶುರುವಾಯಿತು. 2023ರಲ್ಲಿ ಟೂರ್ಮಲೆ ಹತ್ತಿದರು. 2024ರಲ್ಲಿ ಆಲ್ಪ್ ಡ್ಯುಯೇಜ್ ಮೇಲೆ ಮುಗಿದಾಗ ಪೋಲೆಂಡಿನ ಕಟಾರ್ಜಿನಾ ನೆವ್ಯಾಡೊಮಾ ಇಡೀ ರೇಸನ್ನು ಬರೀ 4 ಸೆಕೆಂಡಿನಿಂದ ಗೆದ್ದರು. ಅಷ್ಟು ಬಿಗಿಯಾದ ಪೈಪೋಟಿ! ಗದ್ದಲ ಸ್ವಲ್ಪ ಕಡಿಮೆ, ಸವಾರರನ್ನು ಹತ್ತಿರದಿಂದ ನೋಡಬಹುದು. ಮೊದಲ ಸಲ ಹೋಗುವವರಿಗೆ ನಾನು ಅದನ್ನೇ ಮೊದಲು ಹೇಳುವುದು. ಎರಡೂ ರೇಸಿನ ಮಾರ್ಗ ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟವಾಗುತ್ತದೆ. ಅದನ್ನು ನೋಡದೆ ಯಾರಿಗೂ ಮುಂಗಡ ಕೊಡಬೇಡಿ, ನೋಡಿದ ಮೇಲೆ ತಡವನ್ನೂ ಮಾಡಬೇಡಿ, ಬೆಟ್ಟದ ಬುಡದ ಹೋಟೆಲ್‌ಗಳು ಬೇಗ ತುಂಬಿಹೋಗುತ್ತವೆ. ಯಾವುದಾದರೂ ಟೂರ್ ಇಷ್ಟವಾದರೆ ಅದರ ದಿನವಾರು ಪಟ್ಟಿ ನನಗೆ ಕಳಿಸಿ. ಯಾವ ಏರು ಎಂಥದ್ದು, ಎಲ್ಲಿ ನಿಂತರೆ ರೇಸ್ ಚೆನ್ನಾಗಿ ಕಾಣುತ್ತದೆ ಅಂತ ಖುಷಿಯಿಂದ ಹೇಳುತ್ತೇನೆ.