ವಾಚ್ ಕಲೆಕ್ಷನ್ ಶುರು ಮಾಡಬೇಕು, ಮೊದಲು ಯಾವುದು ಕೊಳ್ಳಲಿ? ಅಪ್ಪನ ಹಳೇ ಎಚ್‌ಎಂಟಿ ರಿಪೇರಿ ಮಾಡಿಸಬಹುದಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಕೆಲಸ ಸಿಕ್ಕಿದೆ, ಇಪ್ಪತ್ತು ಸಾವಿರದೊಳಗೆ ಕಲೆಕ್ಷನ್ ಶುರು ಮಾಡಬೇಕು, ಯಾವ ವಾಚ್‌ನಿಂದ ಅನ್ನುವುದು ಒಂದು. ಕೊನೇ ಸಾಲಿನಲ್ಲಿ, ಹೇಳಿದರೂ ಆಯ್ತು ಬಿಟ್ಟರೂ ಆಯ್ತು ಅನ್ನುವ ಹಾಗೆ, ಬೀರುವಿನಲ್ಲಿ ಅಪ್ಪನ ಹಳೇ ಎಚ್‌ಎಂಟಿ ಸಿಕ್ಕಿದೆ, ನಿಂತುಹೋಗಿದೆ, ಅದಕ್ಕೆ ದುಡ್ಡು ಹಾಕುವುದು ದಂಡವಾ ಅಂತ ಕೇಳಿದ್ದೀರಿ. ನಾನು ಕೊನೇ ಸಾಲಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನಾನು ಇದನ್ನು ಉಲ್ಟಾ ಮಾಡಿ ಕೈ ಸುಟ್ಟುಕೊಂಡವನು.

ಆರು ವರ್ಷದ ಹಿಂದೆ ನನಗೂ ಈ ಹುಚ್ಚು ಹತ್ತಿತು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಒಂದೇ ರಾತ್ರಿ ನಾಲ್ಕು ಎಚ್‌ಎಂಟಿ ತರಿಸಿದೆ. ಅದರಲ್ಲೊಂದು ಕಿತ್ತಳೆ ಬಣ್ಣದ ಪೈಲಟ್ ಮಾಡೆಲ್. ಫೋಟೋದಲ್ಲಿ ಬೆಂಕಿ ಹಾಗೆ ಕಾಣುತ್ತಿತ್ತು. ಕೈಗೆ ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಅಕ್ಷರಗಳೆಲ್ಲ ಊದಿಕೊಂಡಿವೆ. ನಿಮಿಷದ ಗೆರೆಗಳು ಅಂಕಿಗೆ ನೇರವಾಗಿ ಬಂದು ಕೂರುತ್ತಿಲ್ಲ. ಎಲ್ಲರಿಗೂ ಗೊತ್ತಿರುವ ಪೈಲಟ್ ಅಂದರೆ ಕಪ್ಪು ಡಯಲ್, ಬಿಳಿ ಅಂಕಿ. ಹಳೇ ಡಯಲ್ ಕೆರೆದು, ಮೇಲೆ ಹೊಸ ಬಣ್ಣ ಹೊಡೆದು, ಒಳಗೆ ಅಲ್ಲಿ ಇಲ್ಲಿ ಸಿಕ್ಕ ಪಾರ್ಟ್ ತುಂಬಿ ಮಾರುವ ದೊಡ್ಡ ದಂಧೆಯೇ ಇದೆ ಅಂತ ಆಮೇಲೆ ತಿಳಿಯಿತು. ನಾಲ್ಕರಲ್ಲಿ ಮೂರು ಅಂಥವೇ. ಒಂದು ಮಾತ್ರ ಅಸಲಿ, ಅದೂ ದಿನಕ್ಕೆ ಹತ್ತು ನಿಮಿಷ ಹಿಂದೆ.

ಆ ನಾಲ್ಕನ್ನು ಊಟದ ಟೇಬಲ್ ಮೇಲೆ ಸಾಲಾಗಿ ಇಟ್ಟುಕೊಂಡು ಪೆಚ್ಚಾಗಿ ಕೂತಿದ್ದಾಗ ಅಮ್ಮ ಬಂದು ನೋಡಿದರು. "ಇಂಥದ್ದೇ ನಂದೂ ಒಂದು ಇತ್ತಲ್ಲೋ" ಅಂದರು. ಒಳಗೆ ಹೋಗಿ ಹಳೇ ಹಾರ್ಲಿಕ್ಸ್ ಬಾಟಲಿ ತಂದು ಸುರಿದರು. ಗುಂಡಿ, ಪಿನ್ನು, ಬೀಗ ಇಲ್ಲದ ಬೀಗದ ಕೈಗಳು, ಜೊತೆಗೆ ಬೆಲ್ಟ್ ಇಲ್ಲದ ಒಂದು ಎಚ್‌ಎಂಟಿ ಜನತಾ.

ಅಮ್ಮ ತಿಪಟೂರು ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿದ್ದವರು. ಜನ ನರ್ಸಮ್ಮ ಅಂತಲೇ ಕರೆಯುತ್ತಿದ್ದರು. ಜನತಾ ಗಂಡಸರ ವಾಚ್ ಅಲ್ವಾ, ಇದ್ಯಾಕೆ ಕಟ್ಟುತ್ತಿದ್ದರು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಆವತ್ತು ಕೇಳಿದೆ. "ಲೇಡೀಸ್ ವಾಚ್ ಪುಟಾಣಿ ಇರ್ತಿತ್ತು, ಸೆಕೆಂಡ್ ಮುಳ್ಳೇ ಇರ್ತಿರಲಿಲ್ಲ. ನಾಡಿ ಹೇಗೆ ಎಣಿಸಲಿ?" ಅಂದರು. ದೊಡ್ಡವರ ನಾಡಿಯನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ನಡೆಯುತ್ತೆ. ಕೂಸಿನ ಉಸಿರು ಹಾಗಲ್ಲ, ಒಂದೇ ಸಮ ಇರುವುದಿಲ್ಲ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಅದಕ್ಕೇ ಡಯಲ್ಲು ಮಣಿಕಟ್ಟಿನ ಒಳಗಡೆಗೆ ಬರುವ ಹಾಗೆ ಕಟ್ಟುತ್ತಿದ್ದರಂತೆ. ಕೈಯಲ್ಲಿ ಮಗು ಇದ್ದರೂ ಕಣ್ಣಿಗೆ ಮುಳ್ಳು ಕಾಣಬೇಕು. ಗಾಜಿನ ಮೇಲಿನ ಗೀರುಗಳೆಲ್ಲ ಒಂದೇ ಕಡೆ ಯಾಕಿವೆ ಅಂತ ಆಗ ಗೊತ್ತಾಯಿತು. ಒಳಗಡೆ ತಿರುಗಿದ ವಾಚು ಸದಾ ಮಂಚದ ಕಂಬಿಗೋ ಮೇಜಿನ ಅಂಚಿಗೋ ತಗುಲುತ್ತಿತ್ತು.

ಇಂಥ ಮಾಹಿತಿಯನ್ನು ನಿಮಗೆ ಯಾವ ಅಂಗಡಿಯವನೂ ವಾಚ್ ಜೊತೆ ಕೊಡುವುದಿಲ್ಲ. ಅಪ್ಪ ಇದ್ದರೆ ಇವತ್ತೇ ಕೇಳಿ. ಯಾವಾಗ ತೊಗೊಂಡಿದ್ದು, ಯಾವ ದುಡ್ಡಲ್ಲಿ, ಕಟ್ಟುವುದು ಯಾಕೆ ಬಿಟ್ಟರು, ಎಲ್ಲ.

ಈಗ ರಿಪೇರಿ ವಿಷಯ. ನಾನು ಮೊದಲು ಹೋದ ಅಂಗಡಿಯವನು ಮುಚ್ಚಳವನ್ನೂ ತೆಗೆಯಲಿಲ್ಲ. "ಇದನ್ನ ಬಿಸಾಕಿ ಸಾರ್, ಒಳಗೆ ಸೆಲ್ಲಿನ ಮಿಷಿನ್ ಹಾಕಿಕೊಡ್ತೀನಿ" ಅಂದ. ಯಾರಾದರೂ ಹೀಗಂದರೆ ವಾಚ್ ವಾಪಸ್ ಇಸ್ಕೊಂಡು ಬಂದುಬಿಡಿ. ಎರಡನೆಯವರು ತುಮಕೂರಿನಲ್ಲಿ ಸಿಕ್ಕರು. ಅಲ್ಲಿನ ಎಚ್‌ಎಂಟಿ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿ ವಿಆರ್‌ಎಸ್ ತೊಗೊಂಡವರು, ಮನೆಯ ಮುಂದಿನ ಕೋಣೆಯಲ್ಲಿ ಕೂತು ರಿಪೇರಿ ಮಾಡುತ್ತಾರೆ. ಅವರು ಬ್ಲೇಡಿನಂಥ ಉಪಕರಣದಿಂದ ಮುಚ್ಚಳ ಎಬ್ಬಿಸಿ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಅರ್ಧ ನಿಮಿಷ ನೋಡಿ, "ಏನೂ ಮುರಿದಿಲ್ಲ, ಎಣ್ಣೆ ಒಣಗಿದೆ ಅಷ್ಟೇ" ಅಂದರು. ನನಗೂ ಗಾಜು ಕೊಟ್ಟು ತೋರಿಸಿದರು. ಚಕ್ರಗಳ ಬುಡದಲ್ಲಿ ಕೆಂಪು ಚುಕ್ಕಿಗಳಿವೆಯಲ್ಲ, ಅವೇ ಡಯಲ್ ಮೇಲೆ ಬರೆದಿರುವ 17 ಜ್ಯುವೆಲ್ಸ್. ಕೃತಕ ಮಾಣಿಕ್ಯದ ಕಲ್ಲುಗಳು. ಉಕ್ಕಿನ ಮೊನೆ ಉಕ್ಕಿನ ಮೇಲೇ ತಿರುಗಿದರೆ ಸವೆಯುತ್ತೆ, ಕಲ್ಲಿನ ಗುಳಿಯಲ್ಲಿ ತಿರುಗಿದರೆ ಸವೆತ ಕಮ್ಮಿ. ಆ ಕಲ್ಲುಗಳ ಸುತ್ತ ಎಣ್ಣೆ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಅಂಟಿತ್ತು.

ಪಾರ್ಟ್ ಸಿಗುತ್ತಾ ಅಂತ ನಾನು ಕೇಳಿದ್ದಕ್ಕೆ ಅವರು ನಕ್ಕರು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಶುರುವಾಗಿದ್ದು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ. ಅವರಿಂದ ಕಲಿತ ಆ ಮಿಷಿನ್ನನ್ನೇ ದಶಕಗಟ್ಟಲೆ ಮಾಡಿದರು. ಜನತಾದಲ್ಲೂ ಅದೇ, ಪೈಲಟ್‌ನಲ್ಲೂ ಅದೇ. ಹಾಗಾಗಿ ಒಂದು ಸತ್ತ ವಾಚ್‌ನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಅವರ ಮೇಜಿನ ಡ್ರಾಯರ್ ತುಂಬ ಸತ್ತ ಜನತಾಗಳೇ. 1984ರಲ್ಲಿ ಟೈಟನ್ ಬಂದು, ಹೊಸೂರಿನಿಂದ ಸೆಲ್ಲಿನ ವಾಚುಗಳು ಹೊರಡುವ ಹೊತ್ತಿಗೆ, ಕೀ ಕೊಡುವ ವಾಚು ಹಳೇ ಕಾಲದ್ದು ಅನ್ನಿಸತೊಡಗಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಫ್ಯಾಕ್ಟರಿ ಜಾಗ ಈಗ ಇಸ್ರೋದ್ದು. ಅದನ್ನು ಹೇಳುವಾಗ ಅವರ ದನಿಯಲ್ಲಿ ಬೇಜಾರು ಇರಲಿಲ್ಲ. "ರಾಕೆಟ್ಟಾದ್ರೂ ಹಾರಲಿ ಬಿಡಿ" ಅಂದರು.

ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದಕ್ಕೆ, ಹೊಸ ಗಾಜಿಗೆ, ಬೆಲ್ಟಿಗೆ ಸೇರಿ ನನಗೆ ಸಾವಿರದ ಇನ್ನೂರು ಆಯಿತು. ಡಯಲ್ಲಿಗೆ ಬಣ್ಣ ಹೊಡೆಸಿ ಹೊಸದು ಮಾಡೋಣವಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮದರ ಡಯಲ್ ಹಳದಿಗಟ್ಟಿದ್ದರೂ ಮುಟ್ಟಿಸಬೇಡಿ. ಬೆಲ್ಟ್ ಸಿಕ್ಕಿಸುವ ಕಿವಿಗಳ ಹತ್ತಿರ ಕ್ರೋಮ್ ಎದ್ದು ಹಿತ್ತಾಳೆ ಕಂಡರೂ ಇರಲಿ, ಅದು ಅಪ್ಪನ ಬೆವರು.

ಒಂದು ತಮಾಷೆ ಹೇಳಲೇಬೇಕು. ರಿಪೇರಿಗೆ ಕೊಡುವ ಮುಂಚೆ ಅಲುಗಾಡಿಸಿದಾಗ ವಾಚು ಸ್ವಲ್ಪ ಹೊತ್ತು ಓಡಿತ್ತು, ಒಂದು ಗಂಟೆಗೆ ನಾಲ್ಕು ನಿಮಿಷ ಮುಂದೆ. ಅಮ್ಮನಿಗೆ ಹೇಳಿದೆ. ಅವರ ಮುಖ ಸಣ್ಣಗಾಯಿತು. ಯಾಕೆ ಅಂದರೆ, ಆ ಹಳ್ಳಿಗಳಲ್ಲಿ ಹೆರಿಗೆಯಾದ ಕೂಡಲೇ ಮನೆಯವರು ಕೇಳುತ್ತಿದ್ದ ಮೊದಲ ಮಾತು ಗಂಡೋ ಹೆಣ್ಣೋ, ಎರಡನೆಯದು "ಎಷ್ಟೊತ್ತಿಗೆ ನರ್ಸಮ್ಮ?" ಜೋಯಿಸರಿಗೆ ಹೇಳಬೇಕಲ್ಲ. ಎಷ್ಟೋ ಜನರ ಜಾತಕ ಈ ಒಂದು ಜನತಾ ಮೇಲೆ ನಿಂತಿದೆ. ಆಮೇಲೆ ಅಮ್ಮನೇ ಸಮಾಧಾನ ಮಾಡಿಕೊಂಡರು. "ಆಗ ಸರಿಯಾಗಿತ್ತು ಕಣೋ. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಪಿಪ್ ಪಿಪ್ ಅಂತಿತ್ತಲ್ಲ, ಅದಕ್ಕೆ ಇಟ್ಕೊಂಡೇ ಡ್ಯೂಟಿಗೆ ಹೋಗ್ತಿದ್ದೆ." ರಿಪೇರಿಯವರ ಲೆಕ್ಕದಲ್ಲೂ ಅಮ್ಮ ಗೆದ್ದರು. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿ ಸುರುಳಿಗಳು ಒಂದಕ್ಕೊಂದು ಅಂಟಿದ್ದವಂತೆ, ಅದಕ್ಕೇ ಆ ಓಟ. ಸ್ಪೀಕರು, ಅಯಸ್ಕಾಂತ ಇರುವ ಮೊಬೈಲ್ ಕವರು, ಇವುಗಳ ಪಕ್ಕ ವಾಚ್ ಇಡಬೇಡಿ.

ಓಡಲು ಶುರುವಾದ ಮೇಲೆ ದಿನಾ ಒಂದೇ ಹೊತ್ತಿಗೆ ಕೀ ಕೊಡಿ. ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ನೀರಿಗೆ ಮಾತ್ರ ತೋರಿಸಲೇಬೇಡಿ, ಮಳೆಗಾಲದಲ್ಲಿ ಬೈಕ್ ಓಡಿಸುವವರಾದರೆ ಜೇಬಿಗೆ ಹಾಕಿಕೊಳ್ಳಿ. ತಾರೀಖು ತೋರಿಸುವ ಮಾಡೆಲ್ ಆಗಿದ್ದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ ತಾರೀಖು ಬದಲಿಸಬೇಡಿ, ಆಗ ಚಕ್ರದ ಹಲ್ಲು ಸಿಕ್ಕಿಕೊಂಡಿರುತ್ತೆ.

ಇನ್ನು ಇಪ್ಪತ್ತು ಸಾವಿರ. ಮೂರು ತಿಂಗಳು ಅಪ್ಪನ ವಾಚ್ ಕಟ್ಟಿ, ಆಮೇಲೆ ಕೊಳ್ಳಿ. ಅಷ್ಟರಲ್ಲಿ ನಿಮ್ಮ ಕೈಗೆ ಏನು ಬೇಕು ಅಂತ ಗೊತ್ತಾಗಿರುತ್ತೆ. ಜನತಾ ಸುಮಾರು 35 ಮಿಲಿಮೀಟರ್, ಈಗಿನ ವಾಚುಗಳ ಮುಂದೆ ಚಿಕ್ಕದು. ಅದು ಹಿಡಿಸಿದರೆ ಅಂಗಡಿಯಲ್ಲಿನ ಅರ್ಧಕ್ಕರ್ಧ ತಟ್ಟೆ ಗಾತ್ರದ ವಾಚುಗಳು ತಾವಾಗೇ ಲಿಸ್ಟಿನಿಂದ ಬಿದ್ದುಹೋಗುತ್ತವೆ. ಕೀ ಕೊಡುವುದು ರೇಜಿಗೆ ಅನ್ನಿಸಿದರೆ ಸೀಕೋ 5 ತರಹದ ಆಟೋಮ್ಯಾಟಿಕ್ ನೋಡಿ, ಕೈ ಆಡಿದರೆ ಸಾಕು. ತೆಳ್ಳಗಿರಬೇಕು ಅಂದರೆ ಟೈಟನ್ ಎಡ್ಜ್. ಮಳೆಗೆ, ಜಿಮ್ಮಿಗೆ, ಬಸ್ಸಿನ ನೂಕುನುಗ್ಗಲಿಗೆ ಒಂದು ಅಗ್ಗದ ಪ್ಲಾಸ್ಟಿಕ್ ಡಿಜಿಟಲ್ ವಾಚು, ಕ್ಯಾಸಿಯೋ ಎಫ್‌-91ಡಬ್ಲ್ಯೂ. 1989ರಿಂದ ಹಾಗೇ ಇದೆ, ನಾಚಿಕೆ ಪಡುವಂಥದ್ದೇನಿಲ್ಲ. ಹಳೇ ಎಚ್‌ಎಂಟಿ ಇನ್ನೊಂದು ಬೇಕೇ ಬೇಕು ಅನ್ನಿಸಿದರೆ ಫೋಟೋ ನೋಡಿ ಕೊಳ್ಳಬೇಡಿ, ಕೈಯಲ್ಲಿ ಹಿಡಿದು ಕೊಳ್ಳಿ. ಪಳಪಳ ಬಣ್ಣ ಕಂಡರೆ ನನ್ನ ಕಿತ್ತಳೆ ಪೈಲಟ್ ನೆನಪಿರಲಿ. ಅದನ್ನು ಮಗಳಿಗೆ ಆಟಕ್ಕೆ ಕೊಟ್ಟಿದ್ದೇನೆ.

ಸದ್ಯಕ್ಕೆ ಅಪ್ಪನ ವಾಚ್‌ನ ಡಯಲ್ಲು ಮತ್ತು ಹಿಂದಿನ ಮುಚ್ಚಳ, ಎರಡರ ಫೋಟೋ ಹಾಕಿ. ಯಾವ ಮಾಡೆಲ್ ಅಂತ ನೋಡಿ ಹೇಳುತ್ತೇನೆ. ಒಳಗಡೆ ಹೇಗಿದೆ ನೋಡೋಣ ಅಂತ ಅಡುಗೆಮನೆ ಚಾಕು ಮಾತ್ರ ಹಾಕಬೇಡಿ.